ರೀಲ್ ಡಬ್ಬದ ನೆಪದಲ್ಲಿ ಅಪ್ಪನಿಗೊಂದು ಪತ್ರ

ಸ್ಯಾನ್ ಪೆದ್ರೊ ದೆ ಅಟಕಾಮಾ, ಚಿಲಿ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಎಂಟು ದಿನದ ಶಿಫ್ಟ್ ಮುಗಿಸಿ ನಿನ್ನೆ ಬೆಟ್ಟ ಇಳಿದೆ. ಮೇಲೆ ನಮ್ಮ ರೇಡಿಯೊ ದೂರದರ್ಶಕದ ಆಂಟೆನಾಗಳಿರುವುದು 5000 ಮೀಟರ್ ಎತ್ತರದಲ್ಲಿ. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡೇ ಕೆಲಸ. ಇದನ್ನು ಅಮ್ಮನಿಗೆ ಓದಿ ಹೇಳಬೇಡಿ, ಸುಮ್ನೆ ಗಾಬರಿಯಾಗುತ್ತಾಳೆ.

ಈ ಸಲದ ಕಾಗದ ಸಿನಿಮಾ ವಿಷಯ. ಪತ್ರಿಸಿಯೊ ಗುಸ್ಮಾನ್ ಅಂತ ಇಲ್ಲಿನ ಒಬ್ಬ ಡಾಕ್ಯುಮೆಂಟರಿ ನಿರ್ದೇಶಕರಿದ್ದಾರೆ, 1941ರಲ್ಲಿ ಹುಟ್ಟಿದವರು. ಅವರ ಕಥೆ ಕೇಳಿದಾಗಿನಿಂದ ಟೆಂಟ್ ಸಿನಿಮಾದ ಪ್ರೊಜೆಕ್ಟರಿನಲ್ಲಿ ಕಾರ್ಬನ್ ಕಡ್ಡಿ ಉರಿಸುತ್ತಾ ನಿಂತಿದ್ದ ನೀವೇ ಕಣ್ಣ ಮುಂದೆ ಬರುತ್ತಿದ್ದೀರಿ.

ಸಮಾಜವಾದಿ ನಾಯಕ ಅಯೆಂದೆ ಚಿಲಿಯ ಅಧ್ಯಕ್ಷರಾಗಿದ್ದ ಕಾಲ. ಮುಷ್ಕರ, ಮೆರವಣಿಗೆ, ಅಂಗಡಿಗಳ ಮುಂದೆ ಸಾಲು. ಇದನ್ನೆಲ್ಲ ಚಿತ್ರೀಕರಿಸಬೇಕು ಅಂತ ಗುಸ್ಮಾನ್ ಹೊರಟರೆ ದೇಶದಲ್ಲಿ ಕಚ್ಚಾ ಫಿಲ್ಮೇ ಸಿಗುತ್ತಿರಲಿಲ್ಲ. ಫ್ರಾನ್ಸಿನ ನಿರ್ದೇಶಕ ಕ್ರಿಸ್ ಮಾರ್ಕರ್‌ಗೆ ಕಾಗದ ಬರೆದರು. ಆತ 16 ಎಂಎಂ ಫಿಲ್ಮ್ ಕಳಿಸಿಕೊಟ್ಟರು. ಒಂದು ಕ್ಯಾಮೆರಾ, ಒಂದು ಟೇಪ್ ರೆಕಾರ್ಡರ್, ಬೆರಳೆಣಿಕೆಯ ಜನ. ಒಂದಡಿ ಫಿಲ್ಮನ್ನೂ ಪೋಲು ಮಾಡುವ ಹಾಗಿಲ್ಲ. ಕ್ಯಾಮೆರಾಮನ್ ಹೋರ್ಹೆ ಮ್ಯುಲ್ಲರ್ ಸಿಲ್ವಾ ಲೆನ್ಸಿಗೆ ಕಣ್ಣು ಹಚ್ಚಿದ್ದರೆ, ಗುಸ್ಮಾನ್ ಪಕ್ಕದಲ್ಲಿ ನಿಂತು ಸುತ್ತ ನೋಡುತ್ತಾ ಇನ್ನೇನು ನಡೆಯಲಿದೆ ಎಂದು ಹೇಳುತ್ತಿದ್ದರಂತೆ. ಇಬ್ಬರ ಕಣ್ಣು ಸೇರಿ ಒಂದು ಕ್ಯಾಮೆರಾ.

1973ರ ಸೆಪ್ಟೆಂಬರ್ 11ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ಗುಸ್ಮಾನ್ ಅವರನ್ನು ಹಿಡಿದು, ಸ್ಯಾಂಟಿಯಾಗೊದ ನ್ಯಾಷನಲ್ ಸ್ಟೇಡಿಯಂನಲ್ಲಿ ಸುಮಾರು ಎರಡು ವಾರ ಕೂಡಿಹಾಕಿದರು. ಹೌದಪ್ಪ, ಫುಟ್‌ಬಾಲ್ ಸ್ಟೇಡಿಯಂನಲ್ಲೇ. ಗ್ಯಾಲರಿಯ ಒಂದು ಭಾಗದ ಹಳೇ ಮರದ ಬೆಂಚುಗಳನ್ನು ಇವತ್ತಿಗೂ ಹಾಗೇ ಇಟ್ಟಿದ್ದಾರೆ. ಪಂದ್ಯದ ದಿನವೂ ಅಲ್ಲಿ ಯಾರೂ ಕೂರುವುದಿಲ್ಲ.

ರೀಲುಗಳು? ಬಸ್ಸಿನಲ್ಲಿ ಡಬ್ಬ ಬರುವುದು ತಡವಾದರೆ ನಿಮ್ಮ ಎದೆ ಹೊಡೆದುಕೊಳ್ಳುತ್ತಿತ್ತು ಅಂತ ಹೇಳುತ್ತಿದ್ದಿರಲ್ಲ. ಈ ಡಬ್ಬಗಳು ಸ್ವೀಡನ್ ರಾಯಭಾರ ಕಚೇರಿಯ ನೆರವಿನಿಂದ ಹಡಗು ಹತ್ತಿ ದೇಶ ಬಿಟ್ಟವು. ಗುಸ್ಮಾನ್ ಕ್ಯೂಬಾದಲ್ಲಿ ಕೂತು ಎಡಿಟ್ ಮಾಡಿಸಿದರು. ಹಾಗೆ ತಯಾರಾದ ‘ಲಾ ಬಟಾಯಾ ದೆ ಚೀಲೆ’ (ಚಿಲಿಯ ಕದನ) ಚಿತ್ರದ ಮೂರು ಭಾಗಗಳು 1975, 1976, 1979ರಲ್ಲಿ ಬಂದವು. ಮ್ಯುಲ್ಲರ್ ಮಾತ್ರ ಒಂದನ್ನೂ ನೋಡಲಿಲ್ಲ. 1974ರ ನವೆಂಬರ್‌ನಲ್ಲಿ ಗುಪ್ತ ಪೊಲೀಸರು ಅವರನ್ನು, ಜೊತೆಗೆ ಅವರ ಗೆಳತಿ, ನಟಿ ಕಾರ್ಮೆನ್ ಬುಯೆನೊ ಅವರನ್ನು ಎಳೆದೊಯ್ದರು. ಇಬ್ಬರೂ ಮತ್ತೆ ಸಿಗಲಿಲ್ಲ. ನಿಮಗೆ ಆಶ್ಚರ್ಯವಾಗಬಹುದು, ಆ ಸಿನಿಮಾ ಚಿಲಿಯ ಟಿವಿಯಲ್ಲಿ ಬಂದಿದ್ದು 2021ರಲ್ಲಿ!

ಗುಸ್ಮಾನ್ ಆಮೇಲೆ ಪ್ಯಾರಿಸ್‌ನಲ್ಲಿ ನೆಲೆಸಿದರು. ಆ ದಂಗೆಯ ನಾಯಕ, ಆಮೇಲೆ ಸರ್ವಾಧಿಕಾರಿಯಾದ ಜನರಲ್ ಪಿನೊಚೆ ವಿರುದ್ಧದ ಕೇಸಿನ ಮೇಲೂ ಒಂದು ಚಿತ್ರ ಮಾಡಿದರು. ಸುತ್ತಿ ಸುತ್ತಿ ಇದೇ ಕಥೆಗೆ ಬರುತ್ತಾರಲ್ಲ, ಬೇಜಾರಾಗುವುದಿಲ್ಲವೇ ಅಂತ ಮೊದಲು ನನಗೂ ಅನ್ನಿಸಿತ್ತು. ಅವರ 2010ರ ‘ನೊಸ್ಟಾಲ್ಹಿಯಾ ದೆ ಲಾ ಲೂಸ್’ (ಬೆಳಕಿನ ಹಂಬಲ) ನೋಡಿದ ಮೇಲೆ ಹಾಗನ್ನಿಸಲಿಲ್ಲ. ಅದು ನಮ್ಮ ಈ ಅಟಕಾಮಾ ಮರುಭೂಮಿಯದ್ದೇ ಚಿತ್ರ. ಮೇಲೆ ದೂರದರ್ಶಕಗಳು ನಕ್ಷತ್ರಗಳಿಂದ ಎಂದೋ ಹೊರಟ ಹಳೇ ಬೆಳಕು ಹುಡುಕುತ್ತವೆ. ಕೆಳಗೆ ಕಲಾಮಾ ಊರಿನ ಹೆಂಗಸರು ಸಲಿಕೆ ಹಿಡಿದು ಗಂಡಂದಿರ, ಅಣ್ಣತಮ್ಮಂದಿರ ಮೂಳೆ ಹುಡುಕುತ್ತಾರೆ. 1973ರ ಅಕ್ಟೋಬರ್‌ನಲ್ಲಿ ಕಲಾಮಾದ 26 ಗಂಡಸರನ್ನು ಸೇನೆ ಕೊಂದು ಮರಳಿನಲ್ಲಿ ಹೂತಿತು, ಆಮೇಲೆ ಹೆಣಗಳನ್ನೂ ಅಗೆದು ಸಾಗಿಸಿತು. 1990ರಲ್ಲಿ ಸಿಕ್ಕಿದ್ದು ಮೂಳೆ ಚೂರುಗಳಷ್ಟೇ.

ಶಿಫ್ಟಿಗೆ ಬರುವಾಗ ನಾನು ವಿಮಾನ ಇಳಿಯುವುದು ಕಲಾಮಾದಲ್ಲೇ. ಮೊದಲೆಲ್ಲ ಅಲ್ಲಿಂದ ವ್ಯಾನ್ ಹತ್ತಿದರೆ ನಿದ್ದೆ ಹೋಗುತ್ತಿದ್ದೆ. ಈಗ ಕಿಟಕಿಯಾಚೆ ನೋಡುತ್ತಾ ಕೂರುತ್ತೇನೆ. ಮರಳು ಬಿಟ್ಟರೆ ಏನೂ ಕಾಣುವುದಿಲ್ಲ.

ಅಂದ ಹಾಗೆ, ಅಮ್ಮ ಸಂಡಿಗೆ ತುಂಬಿಡುತ್ತಿದ್ದ ನಿಮ್ಮ ಆ ತುಕ್ಕು ಹಿಡಿದ ರೀಲ್ ಡಬ್ಬ ಇನ್ನೂ ಅಟ್ಟದ ಮೇಲಿದೆಯಾ? ಗುಜರಿಯವನಿಗೆ ಕೊಡಬೇಡಿ. ಬಂದಾಗ ನನಗೆ ಬೇಕು.

ನಿಮ್ಮ ಮಗಳು