ಗೂರಲಿನ ಮಕ್ಕಳು ಮತ್ತು ಮೈದಾನದ ಹುಲ್ಲು

ಮಾನ್ಯ ಸಂಪಾದಕರೇ,

ಮಳೆ ಬಿಟ್ಟು ಪಾರೆಗಳಲ್ಲಿ (ಕಲ್ಲುಬಯಲುಗಳಲ್ಲಿ) ಮುಳಿಹುಲ್ಲು ತೆನೆಬಿಡುವ ಹೊತ್ತಿಗೇ ಕಾಸರಗೋಡಿನ ಶಾಲೆಗಳಲ್ಲಿ ಕ್ರೀಡಾಕೂಟಗಳ ಗಡಿಬಿಡಿ. ಗೂರಲು, ಅಂದರೆ ಆಸ್ತಮಾ, ಇರುವ ಮಕ್ಕಳಿಗೆ ಕಷ್ಟದ ಕಾಲವೂ ಅದೇ. ದಮ್ಮು ಕಟ್ಟುತ್ತದೆಂದು ಹೆದರಿ ಅವರನ್ನು ಓಟದಿಂದಲೇ ಬಿಡಿಸುವುದು ದೊಡ್ಡ ಅನ್ಯಾಯ. ಮೈದಾನದ ಕ್ರಮ ಸ್ವಲ್ಪ ಸರಿಪಡಿಸಿದರೆ ಅವರಲ್ಲಿ ಹೆಚ್ಚಿನವರು ಧಾರಾಳವಾಗಿ ಓಡಬಲ್ಲರು.

ಕೂಟದ ಮುನ್ನಾದಿನ ಯಂತ್ರದಲ್ಲಿ ಹುಲ್ಲು ಹೆರೆಯಿಸುವುದನ್ನು ಮೊದಲು ಬಿಡಬೇಕು. ತೆನೆ ಬಂದ ಹುಲ್ಲು ಕತ್ತರಿಸಿದರೆ ಪರಾಗವೆಲ್ಲ ಎದ್ದು ಓಡುವವರ ಮೂಗಿಗೇ ಬರುತ್ತದೆ. ಹೂಬಿಡುವ ಮೊದಲೇ ಕತ್ತರಿಸಿ. ತಡವಾಗಿದ್ದರೆ ಮೂರ್ನಾಲ್ಕು ದಿನ ಮುಂಚೆ, ನೆಲ ಒದ್ದೆಯಿರುವಾಗ ಹೆರೆಸಿ, ಬಿದ್ದ ಹುಲ್ಲನ್ನು ಹೊರಗೆ ಸಾಗಿಸಿ. ತುಲಾ ಮಳೆಯ (ಅಕ್ಟೋಬರ್–ನವೆಂಬರ್‌ನ ಮಳೆಯ) ಗುಡುಗಿಗೂ ಈ ಪರಾಗದ ತೊಂದರೆಗೂ ನಂಟಿದೆ. ಒಡೆಯದ ಪರಾಗದ ಕಣ ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಲ್ಲುತ್ತದೆ. ತೇವ ಹೀರಿ ಒಡೆದರೆ ಅದರ ಚೂರುಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. 2016ರ ನವೆಂಬರ್ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಇಂಥದೇ ಗುಡುಗು ಗಾಳಿಯಿಂದ ಸಾವಿರಾರು ಮಂದಿ ಆಸ್ಪತ್ರೆಗೆ ಧಾವಿಸಿದರು, ಹತ್ತು ಮಂದಿ ತೀರಿಕೊಂಡರು. ಮೋಡ ಕವಿದು ಗಾಳಿ ಬೀಸತೊಡಗಿದ ಕೂಡಲೇ ಮಕ್ಕಳನ್ನು ಒಳಗೆ ಸೇರಿಸಿ.

ಓಟಕ್ಕೆ ಮೊದಲು ಸಾಲ್ಬುಟಮಾಲ್ (ಬಿಗಿದ ಶ್ವಾಸನಾಳ ಸಡಿಲಿಸುವ ಇನ್ಹೇಲರ್ ಮದ್ದು) ತೆಗೆದುಕೊಳ್ಳಲು ವೈದ್ಯರು ಹೇಳಿದ್ದರೆ, ಸಾಮಾನ್ಯವಾಗಿ ಎರಡು ಪಫ್, ಹತ್ತು–ಹದಿನೈದು ನಿಮಿಷ ಮುಂಚೆ. ಇನ್ಹೇಲರ್ ಚೆನ್ನಾಗಿ ಕುಲುಕಿ, ಸ್ಪೇಸರಿಗೆ (ಇನ್ಹೇಲರಿಗೆ ಜೋಡಿಸುವ ಟೊಳ್ಳು ಕೊಳವೆಗೆ) ಒಂದೇ ಪಫ್ ಒತ್ತಿ, ನಿಧಾನ ಎಳೆದು ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಅರ್ಧ ನಿಮಿಷ ಕಳೆದು ಇನ್ನೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮದ್ದು ಸ್ಪೇಸರಿನ ಗೋಡೆಗೆ ಅಂಟಿ ಒಳಗೆ ಹೋಗುವುದು ಕಡಿಮೆ. ಆಮೇಲೆ ಹತ್ತು ನಿಮಿಷ ಮೈ ಬಿಸಿಮಾಡಿಕೊಳ್ಳಲಿ, ಸಣ್ಣ ಓಟ, ನಡುನಡುವೆ ನಡಿಗೆ. ದಿನಾ ಪಫ್ ಬೇಕಾಗುವ ಮಗುವಿಗೆ ದಿನವಹಿ ತೆಗೆದುಕೊಳ್ಳುವ ಸ್ಟಿರಾಯ್ಡ್ ಇನ್ಹೇಲರ್ ತಪ್ಪಿದೆಯೋ, ಸಾಲುತ್ತಿಲ್ಲವೋ ಎಂದು ವೈದ್ಯರು ನೋಡಬೇಕು.

ಇನ್ಹೇಲರ್ ಉದ್ದೀಪನ ಮದ್ದೆಂದು ಹೆದರುವವರಿದ್ದಾರೆ. 24 ಗಂಟೆಯಲ್ಲಿ 1,600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೀರದಷ್ಟು ಸಾಲ್ಬುಟಮಾಲ್ ಎಳೆದುಕೊಳ್ಳಲು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಯಮದಲ್ಲೇ ಅವಕಾಶವಿದೆ. ಒಂದು ಪಫ್ ಅಂದರೆ ಸಾಮಾನ್ಯವಾಗಿ 100 ಮೈಕ್ರೋಗ್ರಾಂ. ನಿಷೇಧವಿರುವುದು ಅದೇ ಮದ್ದಿನ ಮಾತ್ರೆ, ಸಿರಪ್‌ಗೆ.

ಗುರಿ ಮುಟ್ಟಿದ ಮೇಲೆ ಎಚ್ಚರ ಹೆಚ್ಚು ಬೇಕು. ಓಟ ನಿಂತ ಐದರಿಂದ ಹದಿನೈದು ನಿಮಿಷದೊಳಗೆ ಶ್ವಾಸನಾಳ ಬಿಗಿಯುವುದು ಸಾಮಾನ್ಯ. ಆಗ ಮಗು ಪದಕದ ಸಂಭ್ರಮದ ನಡುವೆ ಯಾರ ಕಣ್ಣಿಗೂ ಬೀಳದು. ಉಸಿರು ಕಟ್ಟಿದರೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಅರ್ಧ–ಒಂದು ನಿಮಿಷಕ್ಕೊಂದರಂತೆ ಸಾಲ್ಬುಟಮಾಲ್ ಹತ್ತು ಪಫ್ ತನಕ ಕೊಡಿ. ಇಳಿಯದಿದ್ದರೆ 108. ತುಟಿ ನೀಲಿಗಟ್ಟಿದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ ಮೊದಲೇ ಕರೆಯಿರಿ. ಬೀಗ ಹಾಕಿದ ತರಗತಿಯ ಚೀಲದಲ್ಲಿರುವ ಇನ್ಹೇಲರ್ ಆ ಹೊತ್ತಿಗೆ ಒದಗದು. ಮಗುವಿನ ಹೆಸರು ಬರೆದು, ಅವಧಿಯ ತಾರೀಕು ನೋಡಿ, ಸ್ಪೇಸರ್ ಸಮೇತ ಗುರಿಗೆರೆಯ ಮೇಜಿನ ಮೇಲೆ ನೆರಳಲ್ಲಿಡಿ.

– ಕ್ರೀಡಾ ತರಬೇತುದಾರರು, ಬದಿಯಡ್ಕ