ದಕ್ಕೆಗೆ ಹೋಗಿ ಬಿಡಿಸು, ಮಗಳೇ

ಉಡುಪಿ

ಪ್ರೀತಿಯ ಅನುಷಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಲ್ಪೆಯಲ್ಲಿ ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯ ಚಿತ್ರ ಕಳಿಸಿದ್ದೆಯಲ್ಲ, ನೋಡಿದೆ. ಕೈ ಚೆನ್ನಾಗಿ ಪಳಗಿದೆ. ಆದರೆ ಮೊಬೈಲ್ ಫೋಟೋ ನೋಡಿ ಬಿಡಿಸಿದ್ದು ಅಂತ ಕೂಡಲೇ ಗೊತ್ತಾಯಿತು. ಮೀನು ಮಾರುವ ಹೆಂಗಸರೆಲ್ಲರದ್ದೂ ಒಂದೇ ಮುಖ. ಬಂಗುಡೆಯ ಮೈಯಲ್ಲಿ ಹೊಳಪಿಲ್ಲ. ಬೇಸರ ಮಾಡ್ಕೋಬೇಡ. ನ್ಯೂಲಿನ್ ಚಿತ್ರಕಾರರ ವಿಷಯ ನಿನಗೆ ಹೇಳಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಈಗ ಹೇಳುತ್ತೇನೆ.

ನ್ಯೂಲಿನ್ ಅಂದರೆ ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಒಂದು ಮೀನುಗಾರರ ಊರು. 1880ರ ದಶಕದಲ್ಲಿ ಚಿತ್ರಕಾರರು ಒಬ್ಬೊಬ್ಬರಾಗಿ ಅಲ್ಲಿ ಬಂದು ನೆಲೆಸಿದರು. ವಾಲ್ಟರ್ ಲ್ಯಾಂಗ್ಲಿ 1882ರಲ್ಲಿ ಬಂದ, ಸ್ಟ್ಯಾನ್‌ಹೋಪ್ ಫೋರ್ಬ್ಸ್ 1884ರಲ್ಲಿ. ಫೋರ್ಬ್ಸ್ ಅದಕ್ಕೂ ಮುಂಚೆ ಫ್ರಾನ್ಸಿನಲ್ಲಿ ಇದ್ದವನು. ಅಲ್ಲಿ ಬಾಸ್ಟಿಯನ್ ಲೆಪಾಜ್ ಎಂಬವನು ಹಳ್ಳಿಯ ಜನರನ್ನು ಬಯಲಿನಲ್ಲೇ ನಿಂತು ಬಿಡಿಸುತ್ತಿದ್ದ. ಆ ಕ್ರಮವನ್ನೇ ಇವರು ಕಡಲತೀರಕ್ಕೆ ತಂದರು. ಕಂಡದ್ದನ್ನು ಕಂಡ ಹಾಗೆ, ಕಂಡ ಜಾಗದಲ್ಲೇ ಬಿಡಿಸುವುದು.

ಫೋರ್ಬ್ಸ್ 1885ರಲ್ಲಿ ಮುಗಿಸಿದ ಮೀನು ಏಲಂನ ಚಿತ್ರವನ್ನು ಹುಡುಕಿ ನೋಡು. ಒದ್ದೆ ಮರಳಿನಲ್ಲಿ ಆಕಾಶದ ಬೆಳಕು ಹೊಳೆಯುತ್ತದೆ. ಅದನ್ನು ಅವನು ತಿಂಗಳುಗಟ್ಟಲೆ ಆ ತೀರದಲ್ಲೇ ನಿಂತು ಬಿಡಿಸಿದ. ಗಾಳಿ, ಮಳೆ ಎಲ್ಲ ಇತ್ತು. ಊರಿನವರೇ ಅವನೆದುರು ನಿಂತರು. ಅದಕ್ಕೇ ಅಲ್ಲಿ ಬುಟ್ಟಿ ಹಿಡಿದವಳ ತೋಳಿನಲ್ಲಿ ಭಾರ ಕಾಣುತ್ತದೆ. ಫೋಟೋ ನಿನಗೆ ಆ ಭಾರ ಕೊಡುವುದಿಲ್ಲ.

ಇವರು ಮೋಡ ಕವಿದ ದಿನವನ್ನು ಇಷ್ಟಪಡುತ್ತಿದ್ದರು. ಯಾಕೆ ಗೊತ್ತಾ? ಬಿಸಿಲಾದರೆ ನೆರಳು ಗಳಿಗೆಗೊಮ್ಮೆ ಜಾಗ ಬಿಡುತ್ತದೆ. ಮೋಡದ ಬೆಳಕು ತುಂಬಾ ಹೊತ್ತು ಹಾಗೇ ನಿಲ್ಲುತ್ತದೆ. ನಮ್ಮಲ್ಲಿ ಆಗಸ್ಟ್ ಒಂದಕ್ಕೆ ಯಾಂತ್ರಿಕ ಬೋಟುಗಳು ಮತ್ತೆ ಕಡಲಿಗಿಳಿಯುತ್ತವಲ್ಲ, ಆಗ ಅಂಥದ್ದೇ ಬೆಳಕು ಇರುತ್ತದೆ. ಚಪ್ಪಟೆ ಬ್ರಷ್ ತಗೋ. ಹಚ್ಚಿದ ಬಣ್ಣವನ್ನು ತೀಡಿ ನುಣುಪು ಮಾಡಬೇಡ, ಅಗಲ ಅಗಲವಾಗಿ ಹಾಗೇ ಬಿಡು. ಅವರದ್ದೂ ಅದೇ ಕೈ.

ಇನ್ನೊಂದು ಚಿತ್ರ ನನ್ನನ್ನು ಬಿಟ್ಟೇ ಇಲ್ಲ. ಫ್ರಾಂಕ್ ಬ್ರಾಮ್ಲಿ 1888ರಲ್ಲಿ ಬಿಡಿಸಿದ್ದು. ಬೆಳಗಾಗಿದೆ, ಕಿಟಕಿಯಾಚೆ ಕಡಲು ಮೊರೆಯುತ್ತಿದೆ. ಗಂಡ ವಾಪಸು ಬಂದಿಲ್ಲ. ಮೊಂಬತ್ತಿ ಉರಿದು ಮುಗಿದಿದೆ. ಎಳೆಯ ಹೆಂಡತಿ ಮುದುಕಿಯ ಮಡಿಲಲ್ಲಿ ತಲೆಯಿಟ್ಟಿದ್ದಾಳೆ. ಮಲ್ಪೆಯಲ್ಲಿ, ಬೆಂಗ್ರೆಯಲ್ಲಿ ಇಂಥ ಬೆಳಗು ಕಂಡ ಮನೆಗಳು ಎಷ್ಟಿಲ್ಲ! ಆ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಆದರೆ ಒಂದು ಮಾತು. ದುಃಖ ಹುಡುಕಿಕೊಂಡು ದಕ್ಕೆಗೆ ಹೋಗಬೇಡ. ನ್ಯೂಲಿನ್‌ನವರ ಚಿತ್ರಗಳಲ್ಲಿ ಮದುವೆ ಊಟವೂ ಇದೆ. ಫೋರ್ಬ್ಸನ ಹೆಂಡತಿ ಎಲಿಜಬೆತ್ ಮಕ್ಕಳನ್ನು ಎಷ್ಟು ಚಂದ ಬಿಡಿಸಿದ್ದಾಳೆ! ಗಂಡ ಹೆಂಡತಿ ಸೇರಿ 1899ರಲ್ಲಿ ಅಲ್ಲೇ ಚಿತ್ರಕಲಾ ಶಾಲೆಯನ್ನೂ ತೆರೆದರು. ಫೋರ್ಬ್ಸ್ 1947ರಲ್ಲಿ ಸಾಯುವ ತನಕ ಆ ಊರು ಬಿಡಲಿಲ್ಲ. ನೀನೂ ಒಂದು ದಿನ ಹೋಗಿ ಬಂದರೆ ಸಾಲದು. ಮೊದಲು ಮೀನು ಮಾರುವ ಅಕ್ಕಂದಿರ ಹತ್ತಿರ ಕೇಳು, ಕೂರಲಾ ಅಂತ. ಏಲಂ ಜೋರಿನಲ್ಲಿರುವಾಗ ಅಡ್ಡ ನಿಲ್ಲಬೇಡ. ಯಾರನ್ನಾದರೂ ಜಾಸ್ತಿ ಹೊತ್ತು ನಿಲ್ಲಿಸಿದರೆ ಅವರ ಸಮಯಕ್ಕೆ ದುಡ್ಡು ಕೊಡು. ಬಿಡಿಸಿದ್ದನ್ನು ಅವರಿಗೇ ಮೊದಲು ತೋರಿಸು. ಬಲೆಯ ಗಂಟು ತಪ್ಪಾಗಿದ್ದರೆ ಅವರೇ ಹೇಳುತ್ತಾರೆ.

ಮಂಗಳೂರಿಂದ ಶನಿವಾರ ರಾತ್ರಿಯೇ ಬಾ. ಭಾನುವಾರ ಬೆಳಿಗ್ಗೆ ಐದಕ್ಕೆ ನಾನೇ ನಿನ್ನನ್ನು ದಕ್ಕೆಗೆ ಕರ್ಕೊಂಡು ಹೋಗುತ್ತೇನೆ. ಮಡಚುವ ಸ್ಟೂಲ್ ನನ್ನಲ್ಲಿದೆ. ಫೋನು ಮನೆಯಲ್ಲೇ ಇರಲಿ.

ನಿನ್ನ
ದೊಡ್ಡಪ್ಪ