ಅನಂತ್ ನಾಗ್ ಚಿತ್ರಗಳ ಸಾಲಿನಲ್ಲಿ ‘ಅವಸ್ಥೆ’ಗೆ ಸ್ಥಾನವೆಲ್ಲಿ?

ಮಾನ್ಯ ಸಂಪಾದಕರಿಗೆ, ವಂದನೆಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅನಂತ್ ನಾಗ್ ಅವರ ಆಯ್ದ ಚಿತ್ರಗಳನ್ನು ಕುರಿತು ಪ್ರಕಟವಾದ ಲೇಖನವನ್ನು ಅವರ ಹಳೆಯ ಅಭಿಮಾನಿಯಾದ ನಾನು ಬಹಳ ಸಂತೋಷದಿಂದ ಓದಿದೆ. 2025ರಲ್ಲಿ ಅವರಿಗೆ ಪದ್ಮಭೂಷಣ ಘೋಷಣೆಯಾದ ಮೇಲೆ ಇಂಥ ಬರಹಗಳು ಅಲ್ಲಲ್ಲಿ ಬರುತ್ತಿವೆ, ಬರಲೇಬೇಕು. ಆದರೆ ಆ ಲೇಖನದಲ್ಲಿ ‘ನಾ ನಿನ್ನ ಬಿಡಲಾರೆ’ ಇತ್ತು, ‘ಗಣೇಶನ ಮದುವೆ’ ಇತ್ತು, ‘ಮುಂಗಾರು ಮಳೆ’ ಇತ್ತು, ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಇತ್ತು. 1987ರ ‘ಅವಸ್ಥೆ’ಯ ಹೆಸರು ಮಾತ್ರ ಎಲ್ಲಿಯೂ ಕಾಣಲಿಲ್ಲ. ಬೇರೆ ಊರಿನ ಓದುಗರು ಇದನ್ನು ಗಮನಿಸದೆ ಹೋಗಬಹುದು. ತೀರ್ಥಹಳ್ಳಿಯಲ್ಲಿ ಕುಳಿತು ಓದುವವನಿಗೆ ಈ ಲೋಪ ಎದ್ದು ಕಾಣುತ್ತದೆ. ಆದ್ದರಿಂದ ಈ ಪತ್ರ.

ಜನಪ್ರಿಯ ಚಿತ್ರಗಳ ಬಗ್ಗೆ ನನಗೆ ಯಾವ ಅಸಡ್ಡೆಯೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಲಕ್ಷ್ಮಿಯವರ ಜೊತೆಗೆ ಅವರು ಮಾಡಿದ ‘ಚಂದನದ ಗೊಂಬೆ’, ‘ಬೆಂಕಿಯ ಬಲೆ’, ‘ಮುದುಡಿದ ತಾವರೆ ಅರಳಿತು’ ಮುಂತಾದ ಚಿತ್ರಗಳು ಮಧ್ಯಮವರ್ಗದ ಗಂಡ–ಹೆಂಡಿರ ಬದುಕನ್ನು ಅತಿರೇಕವಿಲ್ಲದೆ ತೋರಿಸಿದವು. ಹೊಡೆದಾಟವಿಲ್ಲದೆ, ಎತ್ತರದ ಸಂಭಾಷಣೆಯಿಲ್ಲದೆ ನಾಯಕನೊಬ್ಬ ಪರದೆಯ ಮೇಲೆ ನಿಲ್ಲಬಹುದೆಂದು ಮನೆಮಂದಿಯೆಲ್ಲ ಒಪ್ಪಿಕೊಂಡದ್ದು ಆ ಚಿತ್ರಗಳಿಂದ. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ಯನ್ನು ಈಗ ನೋಡಿದರೂ ನಗು ತಡೆಯಲಾಗುವುದಿಲ್ಲ. ಆ ಬಳಿಕ ಅದೇ ಅಚ್ಚಿನಲ್ಲಿ ಬಂದ ಹಲವು ನಗೆಚಿತ್ರಗಳು ಅವರ ಶಕ್ತಿಯನ್ನು ಬಳಸಿಕೊಂಡದ್ದಕ್ಕಿಂತ ಸವೆಸಿದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಅಭಿಮಾನಿಗಳಲ್ಲಿ ಅನೇಕರು ಇದನ್ನು ಒಪ್ಪಲಾರರು.

ಅವರ ಅಭಿನಯದ ಮೂಲಗುಣ ಯಾವುದೆಂದು ಕೇಳಿದರೆ, ಎದುರಿನವರ ಮಾತನ್ನು ಕೇಳಿಸಿಕೊಳ್ಳುವ ರೀತಿ ಎಂದು ನಾನು ಹೇಳುತ್ತೇನೆ. ಸುನಿಲ್ ಕುಮಾರ್ ದೇಸಾಯಿಯವರ ‘ಬೆಳದಿಂಗಳ ಬಾಲೆ’ಯಲ್ಲಿ ಚದುರಂಗದ ಆಟಗಾರ ರೇವಂತ್‌ನಿಗೆ ಎದುರಾಗಿ ಇರುವುದು ದೂರವಾಣಿಯ ಆ ತುದಿಯ ಹೆಣ್ಣುದನಿ ಮಾತ್ರ. ಆಕೆಯ ಮುಖವನ್ನು ಚಿತ್ರ ಕೊನೆಯವರೆಗೂ ತೋರಿಸುವುದಿಲ್ಲ. ಹೀಗಿದ್ದೂ ಆಕೆ ಎಂಥವಳು, ಆಕೆಯ ಮಾತಿನಲ್ಲಿ ಯಾವುದು ತುಂಟತನ, ಯಾವುದು ಮುಚ್ಚಿಟ್ಟ ನೋವು ಎಂಬುದೆಲ್ಲ ನೋಡುಗರಿಗೆ ತಿಳಿಯುತ್ತಾ ಹೋಗುವುದು ರಿಸೀವರ್ ಹಿಡಿದು ನಿಂತ ಈ ನಟನ ಮುಖದಿಂದ. 1975ರ ‘ಹಂಸಗೀತೆ’ಯಲ್ಲಿಯೂ, ಭೈರವಿ ವೆಂಕಟಸುಬ್ಬಯ್ಯನ ಪಾತ್ರದಲ್ಲಿ, ಹಾಡುವ ದನಿ ಬಾಲಮುರಳಿಕೃಷ್ಣ ಅವರದು, ಆ ದನಿ ತನ್ನ ಒಳಗಿನಿಂದಲೇ ಬರುತ್ತಿದೆಯೆಂದು ನಂಬಿಸಿದ ಮೈ ಅನಂತ್ ನಾಗ್ ಅವರದು.

ಈ ಕೇಳಿಸಿಕೊಳ್ಳುವ ಗುಣ ಪೂರ್ತಿಯಾಗಿ ಕೆಲಸಕ್ಕೆ ಬಂದದ್ದು ಅಧಿಕಾರದ ಹತ್ತಿರ ನಿಂತ ವಿದ್ಯಾವಂತರ ಪಾತ್ರಗಳಲ್ಲಿ. ಎಂ.ಎಸ್. ಸತ್ಯು ಅವರು ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಮಾಡಿದ ‘ಬರ’ದಲ್ಲಿ ಅವರು ಜಿಲ್ಲಾಧಿಕಾರಿ. ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಿದರೆ ಜನಕ್ಕೆ ಅನ್ನ ಸಿಗುತ್ತದೆ. ಆ ಘೋಷಣೆ ಹೊರಬೀಳದಿರುವುದಕ್ಕೆ ಮೇಲಿನವರ ರಾಜಕೀಯ ಲೆಕ್ಕಾಚಾರವಿದೆ. ಒಳ್ಳೆಯತನವೊಂದೇ ಸಾಲದು ಎಂಬ ಅರಿವು ಆ ಅಧಿಕಾರಿಯ ಮುಖದಲ್ಲಿ ಸ್ವಲ್ಪಸ್ವಲ್ಪವೇ ಇಳಿಯುವುದನ್ನು ನೋಡಬೇಕು. ತಮ್ಮ ಶಂಕರ್ ನಾಗ್ ನಿರ್ದೇಶಿಸಿದ 1985ರ ‘ಆಕ್ಸಿಡೆಂಟ್’ನಲ್ಲಿ ಇದರ ಇನ್ನೊಂದು ಮಗ್ಗುಲು ಇದೆ. ಅಲ್ಲಿ ಅವರು ಧರ್ಮಾಧಿಕಾರಿ ಎಂಬ ರಾಜಕಾರಣಿ. ಮಗನ ಕಾರಿನಡಿ ಬೀದಿಬದಿಯಲ್ಲಿ ಮಲಗಿದ್ದ ಬಡವರು ಸತ್ತಿದ್ದಾರೆ, ಅದನ್ನು ಮುಚ್ಚಿಹಾಕಬೇಕಾಗಿದೆ. ಈ ಮನುಷ್ಯನನ್ನು ಅವರು ಕೇಡಿಗನೆಂದು ಕೂಗಿ ಹೇಳುವುದಿಲ್ಲ. ಮಗನ ಮೇಲಿನ ಮಮತೆ ಎಲ್ಲಿ ಮುಗಿಯುತ್ತದೆ, ಕುರ್ಚಿಯ ಆಸೆ ಎಲ್ಲಿ ಶುರುವಾಗುತ್ತದೆ ಎಂದು ಬಿಡಿಸಿ ನೋಡಲು ನಮಗೆ ಆಗದಂತೆ ನಡೆದುಕೊಳ್ಳುತ್ತಾರೆ. ಮೆಲುದನಿಯ ಪ್ರೇಮಿಯೆಂದು ಮನೆಮಾತಾಗಿದ್ದ ನಟ ಆ ಕಾಲದಲ್ಲಿ ಇಂಥ ಪಾತ್ರಕ್ಕೆ ಒಪ್ಪಿಕೊಂಡದ್ದೇ ಒಂದು ಧೈರ್ಯ.

ಈ ಎರಡು ಪಾತ್ರಗಳಾದ ಮೇಲೆ ಬಂದದ್ದು ಕೃಷ್ಣ ಮಾಸಡಿ ನಿರ್ದೇಶನದ ‘ಅವಸ್ಥೆ’. ಅನಂತಮೂರ್ತಿಯವರ ಅದೇ ಹೆಸರಿನ ಕಾದಂಬರಿ 1978ರಲ್ಲಿ ಪ್ರಕಟವಾಗಿತ್ತು. ಅದರ ನಾಯಕ ಕೃಷ್ಣಪ್ಪಗೌಡನ ಹಿಂದೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬಾಳಿನ ನೆರಳಿದೆ ಎಂಬುದನ್ನು ಈ ಕಡೆಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತು, ಮರುವರ್ಷ ಸಾಗರ–ಹೊಸನಗರದಿಂದ ವಿಧಾನಸಭೆಗೆ ಹೋಗಿ, ಕೊನೆಗೆ ಕಾಯಿಲೆಯಿಂದ ನರಳಿ 1972ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡ ಗೋಪಾಲಗೌಡರ ಹೆಸರನ್ನು ನಾವು ಬಡಾವಣೆಗೆ ಇಟ್ಟಿದ್ದೇವೆ, ಜಯಂತಿಯ ದಿನ ಭಾಷಣಗಳಲ್ಲಿ ನೆನೆಯುತ್ತೇವೆ. ಕೃಷ್ಣಪ್ಪ ಅವರ ಪ್ರತಿರೂಪವೇನೂ ಅಲ್ಲ. ಲೇಖಕರ ಕಲ್ಪನೆ ಆ ಪಾತ್ರವನ್ನು ತನ್ನದೇ ದಾರಿಯಲ್ಲಿ ಒಯ್ದಿದೆ. ಆದರೂ ಭೂಮಿ ಯಾರದೆಂಬ ಪ್ರಶ್ನೆಯಿಂದ ಹುಟ್ಟಿದ ಈ ನಾಡಿನ ರಾಜಕೀಯಕ್ಕೆ ಪರದೆಯ ಮೇಲೆ ಒಂದು ಮುಖ ದೊರೆತದ್ದು ಈ ಚಿತ್ರದಲ್ಲಿ, ಆ ಮುಖ ಅನಂತ್ ನಾಗ್ ಅವರದು.

ದನ ಕಾಯುತ್ತಿದ್ದ ಹುಡುಗ ಓದಿ, ಹೋರಾಟಕ್ಕಿಳಿದು, ನಾಡಿನ ನಾಯಕನಾಗಿ, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿಯುತ್ತಾನೆ. ಮಲಗಿದ ಮನುಷ್ಯನ ಸುತ್ತ ಹಳೆಯ ಸಂಗಾತಿಗಳು, ಅನುಕೂಲ ಹುಡುಕಿ ಬರುವವರು, ಮುಖ್ಯಮಂತ್ರಿ ಪದವಿಯ ಮಾತು ಹೊತ್ತು ತರುವವರು. ಒಳಗೆ ಇಡೀ ಬಾಳಿನ ನೆನಪು. ನಟನೊಬ್ಬನಿಗೆ ಇದಕ್ಕಿಂತ ಕಷ್ಟದ ಪರೀಕ್ಷೆಯನ್ನು ಊಹಿಸುವುದು ನನಗೆ ಸಾಧ್ಯವಾಗುವುದಿಲ್ಲ. ಕೈಕಾಲು ಆಡದಿದ್ದಾಗ ಉಳಿಯುವುದು ಕಣ್ಣು ಮತ್ತು ದನಿ. ಆ ದನಿಯಲ್ಲಿ ಒಮ್ಮೆ ಜನರನ್ನು ಎಬ್ಬಿಸಿದ್ದವನ ಸಿಟ್ಟೂ ಇರಬೇಕು, ಈಗ ಇನ್ನೊಬ್ಬರ ಆರೈಕೆಯಲ್ಲಿ ಬದುಕುವವನ ಅವಮಾನವೂ ಇರಬೇಕು. ಅನಂತ್ ನಾಗ್ ಅವರು ಇವೆರಡನ್ನೂ ಒಂದೇ ಮಾತಿನಲ್ಲಿ ಹಿಡಿಯುತ್ತಾರೆ. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಅವರ ಮಾತಿನಲ್ಲಿ ನಮ್ಮ ಕಡೆಯ ಒಕ್ಕಲು ಮನೆಯ ರಾಗ ಪೂರ್ತಿ ಸಿಗುವುದಿಲ್ಲವೆಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ಆದರೆ ಓದಿ ಊರು ಬಿಟ್ಟವನ ಮಾತು ಊರಿನವರ ಮಾತಿನಿಂದ ಸ್ವಲ್ಪ ಸರಿದಿರುವುದು ಆ ಪಾತ್ರಕ್ಕೆ ಸಲ್ಲುವಂಥದ್ದೇ ಎಂದು ನನಗೆ ತೋರುತ್ತದೆ. ಈ ಅಭಿನಯಕ್ಕೆ ರಾಜ್ಯ ಸರ್ಕಾರದ ಶ್ರೇಷ್ಠ ನಟ ಪ್ರಶಸ್ತಿಯೂ ಬಂದಿತ್ತು.

ತಮ್ಮ ಲೇಖಕರು ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರವನ್ನು ಅವರ ಇಳಿವಯಸ್ಸಿನ ಶಿಖರವೆಂದು ಕರೆದಿದ್ದಾರೆ. ಒಪ್ಪುತ್ತೇನೆ. ಹೇಮಂತ್ ರಾವ್ ಅವರ ಆ 2016ರ ಚಿತ್ರದಲ್ಲಿ ಮರೆವಿನ ಕಾಯಿಲೆಯ ವೆಂಕೋಬರಾಯರು ಮನೆಯವರಿಂದ ತಪ್ಪಿಸಿಕೊಂಡು ಬೆಂಗಳೂರಿನಲ್ಲಿ ಕಳೆದುಹೋಗುತ್ತಾರೆ. ಆದರೆ ‘ಅವಸ್ಥೆ’ಯನ್ನು ನೋಡಿದವರಿಗೆ ಆ ಚಿತ್ರ ಇನ್ನೂ ಹೆಚ್ಚು ಕೊಡುತ್ತದೆ. ಕೃಷ್ಣಪ್ಪನಿಗೆ ಮೈ ಸೋತಿದೆ, ನೆನಪು ಒಂದಿಷ್ಟೂ ಸೋತಿಲ್ಲ, ಅದೇ ಅವನ ಸಂಕಟ. ವೆಂಕೋಬರಾಯರ ಕಾಲು ನಡೆಯುತ್ತಲೇ ಇದೆ, ನೆನಪು ಹಿಂದೆ ಉಳಿದಿದೆ. ಮನುಷ್ಯ ತನ್ನಿಂದ ತಾನೇ ದೂರವಾಗುವ ಈ ಎರಡು ಬಗೆಗಳನ್ನು ಒಬ್ಬನೇ ನಟ ಸುಮಾರು ಮೂವತ್ತು ವರ್ಷಗಳ ಅಂತರದಲ್ಲಿ ಮಾಡಿ ತೋರಿಸಿರುವಾಗ, ಒಂದನ್ನು ಹೊಗಳಿ ಇನ್ನೊಂದನ್ನು ಬಿಟ್ಟರೆ ಆ ಹೊಗಳಿಕೆಯೂ ಅರ್ಧಕ್ಕೇ ನಿಲ್ಲುತ್ತದೆ. ‘ಕವಲುದಾರಿ’ಯ ನಿವೃತ್ತ ಪೊಲೀಸ್ ಅಧಿಕಾರಿಯ ಪಾತ್ರವೂ ಗಟ್ಟಿಯಾದದ್ದೇ. ‘ಕೆಜಿಎಫ್’ ಮೊದಲ ಭಾಗದಂತೆ ಕಥೆ ಹೇಳಿಸಲಿಕ್ಕೆ ಮಾತ್ರ ಇಂಥ ನಟನನ್ನು ಕೂರಿಸುವುದು ನನಗೆ ಸಮಾಧಾನ ತರುವುದಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಸಮಾಜವಾದಿ ನಾಯಕನ ಪಾತ್ರ ಮಾಡಿದ ಅನಂತ್ ನಾಗ್ ಅವರು ಮುಂದೆ ತಾವೇ ರಾಜಕೀಯಕ್ಕೆ ಇಳಿದು, 1994ರಲ್ಲಿ ಮಲ್ಲೇಶ್ವರದಿಂದ ಶಾಸಕರಾಗಿ, ಜೆ.ಎಚ್. ಪಟೇಲರ ಸಂಪುಟದಲ್ಲಿ ಸಚಿವರೂ ಆದರು. ಪಟೇಲರು ಗೋಪಾಲಗೌಡರ ಗರಡಿಯಿಂದ ಬಂದವರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದವರು. ಕೃಷ್ಣಪ್ಪನನ್ನು ಅಭಿನಯಿಸಿದವರು ಕೃಷ್ಣಪ್ಪನ ಕಾಲದ ಒಡನಾಡಿಗಳ ನಡುವೆ ಹೋಗಿ ಕುಳಿತ ಈ ಸಂದರ್ಭ ಬೇರೆ ಯಾವ ಭಾಷೆಯ ಚಿತ್ರರಂಗದಲ್ಲಿ ನಡೆದಿದ್ದರೂ ಅದರ ಮೇಲೆ ಪುಟಗಟ್ಟಲೆ ಬರೆಯುತ್ತಿದ್ದರು.

ಮಲೆನಾಡು ಮತ್ತು ಅನಂತ್ ನಾಗ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಆಗುಂಬೆ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಸರಣಿಯಾಗಿ ಅಲ್ಲಿ ಚಿತ್ರಿಸಿದಾಗ, ಸಿಹಿತಿಂಡಿ ಅಂಗಡಿಯ ಜಗನ್ ಆಗಿ ಅನಂತ್ ನಾಗ್ ಮಾಡಿದ ಪಾತ್ರ ಅವರ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಅಮೆರಿಕದಿಂದ ಮರಳಿದ ಮಗನ ಮುಂದೆ ಏನು ಮಾತಾಡಬೇಕೆಂದು ತಿಳಿಯದೆ ನಿಲ್ಲುವ ಆ ಗಾಂಧಿವಾದಿ ತಂದೆಯಂಥವರನ್ನು, ಮಕ್ಕಳು ಹೊರದೇಶಕ್ಕೆ ಹೋದ ನಮ್ಮ ಅಡಕೆ ತೋಟದ ಮನೆಗಳಲ್ಲಿ ನಾನು ಈಗಲೂ ಕಾಣುತ್ತೇನೆ. ಆ ಸರಣಿಯ ನೆನಪಿಗೆ ಅರಸಾಳು ರೈಲು ನಿಲ್ದಾಣದಲ್ಲಿ 2020ರಲ್ಲಿ ವಸ್ತುಸಂಗ್ರಹಾಲಯವೇ ಆಯಿತು. ಪ್ರವಾಸಿಗರು ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಬಹಳ ಒಳ್ಳೆಯದು. ‘ಮುಂಗಾರು ಮಳೆ’ ಬಂದ ಮೇಲೆ ಜೋಗಕ್ಕೆ ಜನ ಇನ್ನಷ್ಟು ಹರಿದು ಬಂದದ್ದೂ ನಮಗೆ ಗೊತ್ತು. ಮಲೆನಾಡಿನ ಮಳೆಯನ್ನೂ ಕಾಡನ್ನೂ ತೋರಿಸಿದ ಚಿತ್ರಗಳಿಗೆ ಈ ಭಾಗ್ಯ ಒದಗಿದೆ. ಮಲೆನಾಡಿನ ಗೇಣಿದಾರನನ್ನೂ ಅವನ ನಾಯಕನನ್ನೂ ತೋರಿಸಿದ ಚಿತ್ರಕ್ಕೆ ಒದಗಿಲ್ಲ. ಇಲ್ಲಿನ ಕಾಲೇಜು ವಿದ್ಯಾರ್ಥಿಗಳ ಜೊತೆ ಮಾತಾಡಿದಾಗಲೆಲ್ಲ ನಾನು ಗಮನಿಸಿರುವುದೇನೆಂದರೆ, ‘ಅವಸ್ಥೆ’ ಕಾದಂಬರಿಯನ್ನು ಓದಿದವರು ಸಿಗುತ್ತಾರೆ, ಅದು ಚಿತ್ರವಾಗಿದೆಯೆಂದು ತಿಳಿದವರು ಸಿಗುವುದು ಅಪರೂಪ. ದೊಡ್ಡ ಪರದೆಯ ಮೇಲೆ ಅದನ್ನು ಕಂಡು ಈ ಕಡೆಯವರಿಗೆ ಎಷ್ಟೋ ಕಾಲವಾಗಿದೆ.

ಹಳೆಯ ಚಿತ್ರಗಳನ್ನು ಉಳಿಸುವುದು ಆಗದ ಕೆಲಸವೇನಲ್ಲ. ನಮ್ಮ ತಾಲ್ಲೂಕಿನವರೇ ಆದ ಗಿರೀಶ್ ಕಾಸರವಳ್ಳಿಯವರ, ಅನಂತಮೂರ್ತಿಯವರದೇ ಕಥೆಯನ್ನು ಆಧರಿಸಿದ ‘ಘಟಶ್ರಾದ್ಧ’ದ ಪ್ರತಿಯನ್ನು ಶುದ್ಧಗೊಳಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂಥದೇ ಆಸ್ಥೆಯನ್ನು ‘ಅವಸ್ಥೆ’, ‘ಬರ’ ಮತ್ತು ಅನಂತ್ ನಾಗ್ ಅವರು ಬಂಡಾಯಗಾರನಾಗಿ ಅಭಿನಯಿಸಿದ ಸತ್ಯು ಅವರದೇ ‘ಕನ್ನೇಶ್ವರ ರಾಮ’ ಚಿತ್ರಗಳ ಮೇಲೂ ತೋರಬೇಕು. ಕರ್ನಾಟಕ ಚಲನಚಿತ್ರ ಅಕಾಡೆಮಿಯೂ ವಾರ್ತಾ ಇಲಾಖೆಯೂ ಸೇರಿ ಈ ಮೂರು ಚಿತ್ರಗಳ ಒಳ್ಳೆಯ ಪ್ರತಿಗಳನ್ನು ಹುಡುಕಿ, ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ, ಹಾಗೆಯೇ ತೀರ್ಥಹಳ್ಳಿ ಮತ್ತು ಸಾಗರಗಳಲ್ಲಿ ಪ್ರದರ್ಶನ ಏರ್ಪಡಿಸಲಿ. ಹಳ್ಳಿಯ ಜನರ ಮುಂದೆ ಜಗತ್ತಿನ ಚಿತ್ರಗಳನ್ನು ತೋರಿಸಿ ಚರ್ಚಿಸಿದ ಪರಂಪರೆ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ಗೆ ಇದೆ. ಅವರೂ ಕೈಜೋಡಿಸಿದರೆ ಚರ್ಚೆಗೆ ಯೋಗ್ಯರಾದವರು ತಾವಾಗಿ ಬರುತ್ತಾರೆ. ಅಡಕೆ ಕೊಯ್ಲು ಮುಗಿದ ಮೇಲೆ, ಮಳೆಗಾಲ ಹಿಡಿಯುವ ಮೊದಲು ಇಟ್ಟುಕೊಂಡರೆ ಹಳ್ಳಿಗಳಿಂದಲೂ ಜನ ಬರಲು ಅನುಕೂಲ. ಸಾಧ್ಯವಾದರೆ ಅನಂತ್ ನಾಗ್ ಅವರನ್ನೇ ಕರೆಸಿ, ಕೃಷ್ಣಪ್ಪಗೌಡನ ಪಾತ್ರಕ್ಕೆ ಅವರು ಹೇಗೆ ಸಿದ್ಧರಾದರೆಂದು ಗೋಪಾಲಗೌಡರ ಊರಿನ ಜನರ ಎದುರಿಗೇ ಹೇಳಿಸಬೇಕೆಂಬುದು ನನ್ನ ಆಸೆ.

ತಮ್ಮ ಪತ್ರಿಕೆ ಮುಂದೆ ಅವರ ಚಿತ್ರಗಳ ಬಗ್ಗೆ ಬರೆಯುವಾಗ ‘ಅವಸ್ಥೆ’ಗೆ ಒಂದು ಪ್ರತ್ಯೇಕ ಲೇಖನವನ್ನೇ ಮೀಸಲಿಡಬೇಕೆಂದೂ, ಈ ಬೇಡಿಕೆಯನ್ನು ಸಂಬಂಧಪಟ್ಟವರ ಗಮನಕ್ಕೆ ತರಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ತೀರ್ಥಹಳ್ಳಿ